ತಂತಿಯ ಜೋಡಣೆ ಮತ್ತು ಭೂಸಂಪರ್ಕ: ಒಂದು ಐತಿಹಾಸಿಕ ವಿವೇಚನೆ

ತಂತಿ ಸಮಾಚಾರದ ಇತಿಹಾಸವನ್ನು ಬರೆಯುವವರು ಸಂಶೋಧಕರ ಸಾಹಸವನ್ನೂ, ಕಂಪೆನಿಗಳ ಬಂಡವಾಳವನ್ನೂ, ಅರಸರು ಕಳುಹಿಸಿದ ಸಂದೇಶಗಳನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಎರಡು ತಂತಿಗಳು ಒಂದಾಗುವ ಸ್ಥಳವಾದರೋ ಅವರ ಗಮನಕ್ಕೆ ಬರುವುದು ವಿರಳ. ಆದರೆ ಇಡೀ ಮಾರ್ಗದ ಅಳಿವು ಉಳಿವುಗಳು ಬಹುಮಟ್ಟಿಗೆ ಈ ಜೋಡಣೆಯನ್ನೇ ಅವಲಂಬಿಸಿರುತ್ತವೆ. ಅಂದಿನ ಸಮುದ್ರ ಕೇಬಲಿನ ವಿಷಯದಲ್ಲಿ ನಿಜವಾದ ಈ ಮಾತು ಇಂದು ಕಾಲೇಜಿನ ಕಟ್ಟಡಗಳ ಹೊರಗೋಡೆಗಳ ಮೇಲೆ ಹಾಯುವ ಕಂಪ್ಯೂಟರ್ ಜಾಲದ ಕೇಬಲಿಗೂ ಸಲ್ಲುತ್ತದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಟ್ಲಾಂಟಿಕ್ ಸಾಗರದ ಮೊದಲನೆಯ ಕೇಬಲನ್ನು ೧೮೫೭ರಲ್ಲಿ ಇಂಗ್ಲೆಂಡಿನ ಎರಡು ಸಂಸ್ಥೆಗಳು ಅರ್ಧರ್ಧವಾಗಿ ತಯಾರಿಸಿದುವು. ಕೆಲಸವು ಮುಗಿಯುತ್ತ ಬಂದಾಗ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂದಿತು. ಹೊರಕವಚದ ಕಬ್ಬಿಣದ ತಂತಿಗಳನ್ನು ಒಂದು ಸಂಸ್ಥೆಯು ಬಲಕ್ಕೂ ಮತ್ತೊಂದು ಎಡಕ್ಕೂ ಹೊಸೆದಿದ್ದುವು. ಎರಡು ಭಾಗಗಳನ್ನು ನೇರವಾಗಿ ಕೂಡಿಸಿದ್ದರೆ, ಎಳೆತ ಬಿದ್ದೊಡನೆ ಎರಡು ಕಡೆಯ ಹುರಿಯೂ ಬಿಚ್ಚಿಕೊಳ್ಳುತ್ತಿತ್ತು. ಆದುದರಿಂದ ತಂತಿಗಳನ್ನು ಬಿಗಿಹಿಡಿಯಲು ಮರದ ಚೌಕಟ್ಟೊಂದನ್ನು ಮಾಡಿಕೊಳ್ಳಬೇಕಾಯಿತು. ೧೮೫೮ರ ಜುಲೈ ೨೯ರಂದು 'ಅಗಮೆಮ್ನಾನ್' ಮತ್ತು 'ನಯಾಗರ' ಹಡಗುಗಳು ನಡುಸಾಗರದಲ್ಲಿ ಸಂಧಿಸಿ ಎರಡು ತುದಿಗಳನ್ನು ಕೂಡಿಸಿದುವು. ಆ ಕೇಬಲು ಕೆಲವೇ ವಾರಗಳಲ್ಲಿ ಮೂಕವಾಯಿತಾದರೂ, ಅದಕ್ಕೆ ಕಾರಣ ಈ ಜೋಡಣೆಯಲ್ಲ. ದೋಷಯುಕ್ತವಾದ ನಿರೋಧಕ ಹೊದಿಕೆ ಮತ್ತು ಅದರ ಮೇಲೆ ಹೇರಿದ ಅತಿಯಾದ ವಿದ್ಯುತ್ ಒತ್ತಡ. ೧೮೬೫ರಲ್ಲಿ ತುಂಡಾಗಿ ಮುಳುಗಿದ ಮತ್ತೊಂದು ಕೇಬಲನ್ನು ಮರುವರ್ಷ ಕಡಲ ತಳದಿಂದ ಎತ್ತಿ, ಹೊಸ ತುಂಡಿನೊಡನೆ ಕೂಡಿಸಿ ಪೂರ್ಣಗೊಳಿಸಿದರು. ಒಳ್ಳೆಯ ಜೋಡಣೆಯ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೇಲಿನ ವೃತ್ತಾಂತದಿಂದ ಜೋಡಣೆಯ ಧರ್ಮಗಳು ಸ್ಪಷ್ಟವಾಗುತ್ತವೆ. ವಿದ್ಯುತ್ತು ಅಡ್ಡಿಯಿಲ್ಲದೆ ಹರಿಯಬೇಕು, ನೀರು ಒಳನುಗ್ಗಬಾರದು, ಎಳೆತವನ್ನು ಒಳಗಿನ ತಂತಿಯ ಬದಲು ಹೊರಕವಚವು ತಾಳಬೇಕು, ಎಲ್ಲಕ್ಕಿಂತ ಮಿಗಿಲಾಗಿ ಎರಡು ತುದಿಗಳಲ್ಲಿಯೂ ಒಂದೇ ನಿಯಮವಿರಬೇಕು.

ಇಂದಿನ ಜಾಲದ ಕೇಬಲಿನಲ್ಲಿ ಎಂಟು ತಂತಿಗಳು ನಾಲ್ಕು ಹೊಸೆದ ಜೋಡಿಗಳಾಗಿರುತ್ತವೆ. ಅವುಗಳ ಬಣ್ಣದ ಕ್ರಮಕ್ಕೆ ಟಿ೫೬೮ಎ ಮತ್ತು ಟಿ೫೬೮ಬಿ ಎಂಬ ಎರಡು ಪದ್ಧತಿಗಳಿವೆ. ಯಾವುದನ್ನು ಅನುಸರಿಸಿದರೂ ಸರಿಯೆ. ಎರಡು ತುದಿಗಳಲ್ಲಿಯೂ ಅದನ್ನೇ ಅನುಸರಿಸತಕ್ಕದ್ದು. ಹೊರಗಿನ ಅಡಚಣೆಗಳನ್ನು ತಡೆಯುವುದು ಹುರಿಯೇ ಆದುದರಿಂದ, ಕನೆಕ್ಟರಿನ ಬಳಿ ಅದನ್ನು ಸುಮಾರು ೧೩ ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಬಯಲಿನ ಕೇಬಲಿಗೆ ಬಿಸಿಲನ್ನು ತಾಳುವ ಕಪ್ಪು ಪಾಲಿಎಥಿಲೀನಿನ ಹೊದಿಕೆ ಇರಬೇಕು. ಹೊದಿಕೆಯ ಗಾತ್ರಕ್ಕೆ ಒಪ್ಪುವ ಕನೆಕ್ಟರನ್ನು ಆರಿಸಿ, ಅದರ ಹಿಂಬದಿಯ ಹಿಡಿತವು ತಂತಿಯನ್ನಲ್ಲದೆ ಹೊದಿಕೆಯನ್ನೇ ಕಚ್ಚುವಂತೆ ಕ್ರಿಂಪ್ ಮಾಡಬೇಕು. ಪೆಟ್ಟಿಗೆಯನ್ನು ಸೇರುವ ಮುನ್ನ ಕೇಬಲನ್ನು ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆಯ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿಹೋಗುತ್ತದೆ.

ಇನ್ನು ಭೂಸಂಪರ್ಕದ ವಿಚಾರ. ೧೮೩೮ರಲ್ಲಿ ಜರ್ಮನಿಯ ಷ್ಟೈನ್‌ಹೈಲನು ಭೂಮಿಯನ್ನೇ ವಿದ್ಯುತ್ತಿನ ಹಿಂದಿರುಗುವ ಹಾದಿಯಾಗಿ ಬಳಸಬಹುದೆಂದು ಕಂಡುಕೊಂಡನು. ಇದರಿಂದ ತಂತಿ ಸಮಾಚಾರಕ್ಕೆ ಎರಡರ ಬದಲು ಒಂದೇ ತಂತಿ ಸಾಕಾಯಿತು. ಇಂದಿನ ಜಾಲದಲ್ಲಾದರೋ ಭೂಮಿಯು ಸಂದೇಶವನ್ನು ಒಯ್ಯುವುದಿಲ್ಲ. ಮಿಂಚಿನಿಂದಲೂ ಸೋರುವ ವಿದ್ಯುತ್ತಿನಿಂದಲೂ ಜನರನ್ನೂ ಯಂತ್ರಗಳನ್ನೂ ಕಾಯುವುದೇ ಭೂಸಂಪರ್ಕದ ಕಾರ್ಯ. ಈ ದೃಷ್ಟಿಯಿಂದ ಅದರ ಪೂರ್ವಜನು ಷ್ಟೈನ್‌ಹೈಲನ ತಂತಿಯಲ್ಲ, ಹದಿನೆಂಟನೆಯ ಶತಮಾನದ ಫ್ರಾಂಕ್ಲಿನನ ಮಿಂಚುಸಲಾಕೆ.

ಅರ್ಥಿಂಗ್ ತಂತಿಯ ತುದಿಗೆ ಅದರ ದಪ್ಪಕ್ಕೆ ಸರಿಹೊಂದುವ ತಾಮ್ರದ ಲಗ್ಗನ್ನು ತೊಡಿಸಿ, ತಕ್ಕ ಅಚ್ಚಿನಿಂದ ಒತ್ತಬೇಕು. ಬೋಲ್ಟು ಕೂರುವ ಸ್ಥಳದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಯಬೇಕು. ತಾಮ್ರವೂ ಅಲ್ಯೂಮಿನಿಯಮ್ಮೂ ತೇವದಲ್ಲಿ ನೇರವಾಗಿ ಕೂಡಿದರೆ ಅಲ್ಯೂಮಿನಿಯಮ್ಮು ಸವೆಯುತ್ತದೆ. ಅಲ್ಲಿ ಎರಡು ಲೋಹಗಳಿಗೂ ಹೊಂದುವ ಲಗ್ಗನ್ನೇ ಬಳಸತಕ್ಕದ್ದು. ತಂತಿಯು ಗಿಡ್ಡವಾಗಿಯೂ ಚೂಪಾದ ತಿರುವುಗಳಿಲ್ಲದೆಯೂ ಇರಬೇಕು. ಒಂದೇ ಕಟ್ಟಡದ ಭೂಸಂಪರ್ಕಗಳೆಲ್ಲ ಪರಸ್ಪರ ಕೂಡಿರಬೇಕು. ಇಲ್ಲವಾದರೆ ಮಿಂಚಿನ ವೇಳೆಯಲ್ಲಿ ಅವುಗಳ ನಡುವೆಯೇ ಒತ್ತಡದ ವ್ಯತ್ಯಾಸವುಂಟಾಗಿ, ಕಾಯಬೇಕಾದ ತಂತಿಯೇ ಯಂತ್ರವನ್ನು ಸುಡಬಹುದು. ಎರಡು ಕಟ್ಟಡಗಳ ನಡುವೆ ವಿದ್ಯುತ್ತನ್ನು ಒಯ್ಯದ ಆಪ್ಟಿಕಲ್ ಫೈಬರ್ ಕೇಬಲನ್ನು ಹಾಯಿಸುವುದು ಹೆಚ್ಚು ಕ್ಷೇಮಕರ.

ಕೆಟ್ಟ ಜೋಡಣೆಯು ಮೊದಲನೆಯ ದಿನವೇ ತನ್ನ ದೋಷವನ್ನು ತೋರಿಸುವುದಿಲ್ಲ. ಮೊದಲ ಮಳೆಗೋ ಮೊದಲ ಸಿಡಿಲಿಗೋ ಕಾದಿರುತ್ತದೆ. ೧೮೫೭ರಲ್ಲಿ ಎರಡು ಸಂಸ್ಥೆಗಳ ಕೆಲಸಗಾರರೂ ತಮ್ಮ ತಮ್ಮ ಭಾಗವನ್ನು ಹೊಸೆದು ಮುಗಿಸಿದ್ದರು. ಕೊರತೆಯಾದುದು ಪರಸ್ಪರ ಒಪ್ಪಂದವೊಂದೇ. ಸಂಪರ್ಕ ಸಾಧನಗಳ ಇತಿಹಾಸವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಕಳುಹಿಸಿದ ಸಂದೇಶಗಳೊಡನೆ ಈ ಜೋಡಣೆಗಳನ್ನೂ, ಅವುಗಳನ್ನು ಮಾಡಿದ ಕೈಗಳನ್ನೂ ಗಮನಕ್ಕೆ ತಂದುಕೊಂಡರೆ ಆ ಇತಿಹಾಸವು ಹೆಚ್ಚು ಪೂರ್ಣವಾಗುವುದು.