ಲೀಸು ಅಂದ್ರೆ ಭೋಗ್ಯ ಅಲ್ಲ: ನೇಪರ್ವಿಲ್‌ನಲ್ಲಿ ಬಾಡಿಗೆಗೆ ಇದ್ದ ಲೆಕ್ಕ

2022ರ ಆಗಸ್ಟ್‌ನಲ್ಲಿ ಕಡೂರಿಗೆ ಫೋನ್ ಮಾಡಿ "ಅಪ್ಪಾ, ಮನೆ ಸಿಕ್ತು, ಲೀಸ್ ಸೈನ್ ಮಾಡಿದೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅಪ್ಪ ಮೆಲ್ಲಗೆ ಕೇಳಿದ್ರು, "ಎಷ್ಟು ಲಕ್ಷಕ್ಕಪ್ಪಾ?"

ತಪ್ಪು ಅವರದ್ದಲ್ಲ. ನಮ್ಮ ಕಡೆ ಲೀಸಿಗೆ ಮನೆ ಅಂದ್ರೆ ಭೋಗ್ಯ. ನಾಲ್ಕೈದು ಲಕ್ಷ ಒಟ್ಟಿಗೆ ಕೊಡೋದು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ತಗೊಳ್ಳೋದು. ಅಮೆರಿಕದಲ್ಲಿ ಲೀಸ್ ಅಂದ್ರೆ ಬರೀ ಬಾಡಿಗೆ ಕರಾರು. ನಮ್ಮ 11 ತಿಂಗಳ ಅಗ್ರಿಮೆಂಟ್ ಇದೆಯಲ್ಲ, ಅದರ ಅಣ್ಣ. (ನಮ್ಮದು 11 ತಿಂಗಳೇ ಯಾಕೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನ ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ 11.) ಅಲ್ಲಿ ಸಾಮಾನ್ಯವಾಗಿ 12 ತಿಂಗಳು, ಮೂವತ್ತು ನಲವತ್ತು ಪುಟ. ಅಷ್ಟೂ ಪುಟ ಓದಿದ್ದರೆ ಈ ಲೇಖನ ಬರೆಯೋ ಪ್ರಸಂಗ ಬರ್ತಿರಲಿಲ್ಲ.

ಎಂಎಸ್ ಮಾಡೋಕೆ ಅಂತ ಪ್ರತಿ ವರ್ಷ ನಮ್ಮ ಕಾಲೇಜಿಂದ ಒಂದಷ್ಟು ಜನ ಹೋಗ್ತಾರೆ. ಜಿಆರ್‌ಇ ಬಗ್ಗೆ ಹೇಳೋಕೆ ನೂರು ಜನ ಇದ್ದಾರೆ, ಮನೆ ಹಿಡಿಯೋದರ ಬಗ್ಗೆ ಯಾರೂ ಹೇಳಲ್ಲ. ಅದಕ್ಕೇ ಇದು.

ಮೊದಲು ಊರಿನ ವಿಷಯ. ನೇಪರ್ವಿಲ್ ಇರೋದು ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಇಲಿನಾಯ್ ರಾಜ್ಯದಲ್ಲಿ. 1831ರಲ್ಲಿ ಜೋಸೆಫ್ ನೇಪರ್ ಅನ್ನೋನು ಕಟ್ಟಿದ ರೈತರ ಊರು. 1960ರಲ್ಲಿ ಜನಸಂಖ್ಯೆ 13 ಸಾವಿರದ ಹತ್ತಿರ, ಅಂದ್ರೆ ಒಂದು ದೊಡ್ಡ ಹೋಬಳಿ ಅಷ್ಟೇ. 1966ರಲ್ಲಿ ಬೆಲ್ ಲ್ಯಾಬ್ಸ್‌ನವರು ಅಲ್ಲಿ ಇಂಡಿಯನ್ ಹಿಲ್ ಅನ್ನೋ ದೊಡ್ಡ ಕೇಂದ್ರ ತೆರೆದರು. ಟೆಲಿಫೋನ್ ಎಕ್ಸ್‌ಚೇಂಜಿನ ಎಲೆಕ್ಟ್ರಾನಿಕ್ ಸ್ವಿಚಿಂಗ್ ಕೆಲಸ ನಡೆದ ಜಾಗ ಅದು. ಇಸಿಯವರು ಗಮನಿಸಿ. ಎಂಜಿನಿಯರ್‌ಗಳು ಬಂದರು, ಅವರ ಹಿಂದೆ ಶಾಲೆ ಬಂತು, ಶಾಲೆ ನೋಡಿ ಇನ್ನಷ್ಟು ಜನ ಬಂದರು. 2020ರ ಜನಗಣತಿಯಲ್ಲಿ ಸುಮಾರು 1,49,500. ಭಾರತೀಯರು ತುಂಬಾ. ಪಕ್ಕದ ಅರೋರಾದಲ್ಲಿ ಬಾಲಾಜಿ ದೇವಸ್ಥಾನ, ಲೆಮಾಂಟ್‌ನಲ್ಲಿ ರಾಮನ ದೇವಸ್ಥಾನ, ಶಿಕಾಗೋ ಕಡೆಯ ಕನ್ನಡಿಗರಿಗೆ ವಿದ್ಯಾರಣ್ಯ ಕನ್ನಡ ಕೂಟ. ಯುಗಾದಿ ಊಟದ ಪಂಕ್ತಿಯಲ್ಲಿ ಕೂತಾಗ ಪಕ್ಕದಲ್ಲಿದ್ದವರು "ನಿಮ್ಮದು ಕಡೂರಾ? ನಮ್ಮದು ತರೀಕೆರೆ" ಅಂದಾಗ ಆದ ಖುಷಿ, ಬೀರೂರು ಜಂಕ್ಷನ್‌ನಲ್ಲಿ ಇಳಿದಷ್ಟೇ.

ಈ ಊರಿಗೆ ದುಡ್ಡಿದೆ. ಬಾಡಿಗೆ ಜಾಸ್ತಿ ಯಾಕೆ ಅನ್ನೋದಕ್ಕೆ ಅಷ್ಟೇ ಉತ್ತರ ಸಾಲದು. ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ದೊಡ್ಡ ಪಾಲು ಹಣ ಬರೋದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಇಲಿನಾಯ್‌ನಲ್ಲಿ ಅದು ಮನೆ ಬೆಲೆಯ ಶೇಕಡಾ 2ರ ಆಸುಪಾಸು, ಪ್ರತಿ ವರ್ಷ. ಮಗು ಯಾವ ಶಾಲೆಗೆ ಸೇರಬೇಕು ಅನ್ನೋದನ್ನ ನಿಮ್ಮ ಮನೆ ವಿಳಾಸ ತೀರ್ಮಾನಿಸತ್ತೆ. ನೇಪರ್ವಿಲ್‌ನಲ್ಲಿ 203 ಮತ್ತು 204 ಅಂತ ಎರಡು ಶಾಲಾ ಜಿಲ್ಲೆಗಳಿವೆ, ಎರಡಕ್ಕೂ ಒಳ್ಳೆ ಹೆಸರು. ಹಾಗಾಗಿ ಮನೆ ಕೊಳ್ಳೋಕೆ ಆಗದವರು ಆ ಗಡಿಯೊಳಗೆ ಒಂದು ಚಿಕ್ಕ ಅಪಾರ್ಟ್‌ಮೆಂಟ್ ಹಿಡಿದು ಮಕ್ಕಳನ್ನ ಓದಿಸ್ತಾರೆ. ಬಾಡಿಗೆಯಲ್ಲೇ ಮಾಲೀಕನ ತೆರಿಗೆ, ಅಂದ್ರೆ ಶಾಲೆ ಫೀಸು, ಸೇರಿರತ್ತೆ. ಇದು ನಮಗೇನೂ ಹೊಸದಲ್ಲ. ಅಜ್ಜಂಪುರದ ಸುತ್ತಿನ ಹಳ್ಳಿಯವರು ಮಕ್ಕಳ ಓದಿಗೆ ಅಂತ ಕಡೂರಲ್ಲೋ ತರೀಕೆರೆಯಲ್ಲೋ 'ಮನೆ ಮಾಡ್ತಾರಲ್ಲ', ಅಮ್ಮ ಮಕ್ಕಳ ಜೊತೆ ಇಲ್ಲಿ, ಅಪ್ಪ ಈರುಳ್ಳಿ ಹೊಲದಲ್ಲಿ ಅಲ್ಲಿ. ಅದೇ ಕಥೆ, ಡಾಲರಿನಲ್ಲಿ.

ಇನ್ನೊಂದು ಕಾರಣ ಝೋನಿಂಗ್. 1926ರಲ್ಲಿ ಯೂಕ್ಲಿಡ್ ಅನ್ನೋ ಊರಿನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಯಾವ ಜಾಗದಲ್ಲಿ ಏನು ಕಟ್ಟಬೇಕು ಅಂತ ಊರಿನ ಆಡಳಿತ ಗೆರೆ ಎಳೆಯಬಹುದು ಅಂದಿತು. ಅಲ್ಲಿಂದ ಮುಂದೆ ಸಬರ್ಬ್‌ಗಳಲ್ಲಿ ಬಹುಪಾಲು ಜಾಗ 'ಒಂದು ಸೈಟಿಗೆ ಒಂದೇ ಮನೆ' ಅಂತ ಮೀಸಲಾಯ್ತು. ಅಪಾರ್ಟ್‌ಮೆಂಟ್ ಕಟ್ಟೋಕೆ ಉಳಿದ ಜಾಗ ಕಡಿಮೆ, ಬಾಡಿಗೆ ಮನೆ ಕಡಿಮೆ, ರೇಟು ಜಾಸ್ತಿ. ಕೈಗೆಟುಕುವ ಮನೆಗಳು ಶೇಕಡಾ 10ಕ್ಕಿಂತ ಕಮ್ಮಿ ಇರುವ ಊರುಗಳ ಪಟ್ಟಿಯನ್ನ ಇಲಿನಾಯ್ ಸರ್ಕಾರವೇ ಮಾಡತ್ತೆ. 2018ರ ಪಟ್ಟಿಯಲ್ಲಿ ನೇಪರ್ವಿಲ್ ಕೂಡ ಇತ್ತು.

ಅದೇ ಝೋನಿಂಗ್‌ನಿಂದಾಗಿ ಮನೆಗಳ ಮಧ್ಯೆ ಅಂಗಡಿ ಇಲ್ಲ. ಕಡೂರಲ್ಲಿ ಹಾಲು ಮುಗಿದರೆ ಚಪ್ಪಲಿ ಹಾಕ್ಕೊಂಡು ಮೂಲೆ ಅಂಗಡಿಗೆ ಹೋಗ್ತೀವಿ. ಅಲ್ಲಿ ಹಾಲಿಗೂ ಕಾರು. ಶಿಕಾಗೋಗೆ ಹೋಗೋಕೆ ಬಿಎನ್‌ಎಸ್‌ಎಫ್ ಲೈನಿನ ಮೆಟ್ರಾ ರೈಲು ಚೆನ್ನಾಗಿದೆ, ಊರೊಳಗೆ ಓಡಾಡೋಕೆ ಬಸ್ಸು ಲೆಕ್ಕಕ್ಕಿಲ್ಲ. ಬಾಡಿಗೆ ಲೆಕ್ಕ ಹಾಕುವಾಗ ಕಾರು, ಅದರ ಇನ್ಶೂರೆನ್ಸು, ಎರಡನ್ನೂ ಸೇರಿಸಿಯೇ ಹಾಕಿ. ರೈಲ್ವೆ ಸ್ಟೇಷನ್ ಹತ್ತಿರ 200 ಡಾಲರ್ ಜಾಸ್ತಿ ಕೊಟ್ಟು ಇರೋದೇ ಎಷ್ಟೋ ಸಲ ಅಗ್ಗ.

ಈಗ ಮನೆ ಹಿಡಿಯೋ ಕೆಲಸ. ಇಲ್ಲಿ ಓನರ್ ಮನೆ ಬಾಗಿಲಲ್ಲಿ ನಿಂತು ಕೇಳೋ ಮೊದಲ ಪ್ರಶ್ನೆ ನಿಮಗೆ ಗೊತ್ತು. "ಯಾವ ಜನ?" ಎರಡನೇದು, "ಮಾಂಸ ಗೀಂಸ?" ನಮ್ಮಪ್ಪನೂ ಕೇಳ್ತಾರೆ, ಸುಳ್ಳು ಯಾಕೆ ಹೇಳಲಿ. ಅಲ್ಲಿ 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಬಣ್ಣ, ಧರ್ಮ, ಮೂಲ ದೇಶ ಇವುಗಳ ಕಾರಣಕ್ಕೆ ಮನೆ ಇಲ್ಲ ಅನ್ನುವಂತಿಲ್ಲ. 1988ರಲ್ಲಿ ಮಕ್ಕಳಿರೋ ಕುಟುಂಬವನ್ನೂ ಅಂಗವೈಕಲ್ಯ ಇರುವವರನ್ನೂ ಸೇರಿಸಿದರು. ನನ್ನನ್ನ ಯಾರೂ ಏನು ತಿಂತೀಯ ಅಂತ ಕೇಳಲಿಲ್ಲ.

ಅವರು ಕೇಳಿದ್ದು ಕ್ರೆಡಿಟ್ ಸ್ಕೋರು. ನಮ್ಮ ಸಿಬಿಲ್ 300ರಿಂದ 900, ಅವರ ಫೈಕೋ 300ರಿಂದ 850. ನೀವು ಸಾಲ ತಗೊಂಡು ಸರಿಯಾಗಿ ತೀರಿಸಿದ ಚರಿತ್ರೆ ಅದು. ಹೊಸದಾಗಿ ಇಳಿದವನಿಗೆ ಸ್ಕೋರು ಕಡಿಮೆ ಇರೋದಲ್ಲ, ಸ್ಕೋರೇ ಇರಲ್ಲ. ಒಂದು ರೂಪಾಯಿ ಸಾಲ ಮಾಡದ ಸಾಚಾ ಹುಡುಗ ಅವರ ಕಂಪ್ಯೂಟರಿಗೆ ಅಪರಿಚಿತ. ಜೊತೆಗೆ ತಿಂಗಳ ಆದಾಯ ಬಾಡಿಗೆಯ ಮೂರರಷ್ಟಿರಬೇಕು ಅನ್ನೋ ನಿಯಮ ಬಹಳ ಕಡೆ ಇದೆ. 2,100 ಡಾಲರ್ ಬಾಡಿಗೆಗೆ 6,300 ಡಾಲರ್ ಆದಾಯ. ಇಲ್ಲದಿದ್ದರೆ ಗ್ಯಾರಂಟಿ ಕೊಡೋರು ಬೇಕು, ಅಥವಾ ಹೆಚ್ಚಿಗೆ ಅಡ್ವಾನ್ಸ್. ಹೋದ ಮೊದಲ ತಿಂಗಳೇ ಒಂದು ಸ್ಟೂಡೆಂಟ್ ಕ್ರೆಡಿಟ್ ಕಾರ್ಡ್ ಮಾಡಿಸಿ, ದಿನಸಿಗೆ ಮಾತ್ರ ಬಳಸಿ, ಪೂರ್ತಿ ಕಟ್ಟಿ. ಎರಡು ವರ್ಷ ಆದ ಮೇಲೆ ಅದರ ಬೆಲೆ ಗೊತ್ತಾಗತ್ತೆ.

ರೇಟಿನಲ್ಲಿ ಚೌಕಾಸಿ ಇಲ್ಲ. ದೊಡ್ಡ ಕಂಪನಿಗಳ ವೆಬ್‌ಸೈಟಿನಲ್ಲಿ ಅದೇ ಮನೆಯ ಬಾಡಿಗೆ ಸೋಮವಾರ ಒಂದು, ಗುರುವಾರ ಇನ್ನೊಂದು. ವಿಮಾನದ ಟಿಕೆಟ್ ಥರ ಸಾಫ್ಟ್‌ವೇರ್ ನಿರ್ಧರಿಸತ್ತೆ. ಪೈಪೋಟಿಯಲ್ಲಿರಬೇಕಾದ ಮಾಲೀಕರ ಗುಟ್ಟಿನ ಮಾಹಿತಿಯನ್ನೆಲ್ಲ ಒಂದೇ ಸಾಫ್ಟ್‌ವೇರ್‌ಗೆ ಉಣಿಸಿ ಬಾಡಿಗೆ ಏರಿಸಲಾಗ್ತಿದೆ ಅಂತ 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ರಿಯಲ್‌ಪೇಜ್ ಕಂಪನಿ ಮೇಲೆ ದಾವೆ ಹೂಡಿತು. ಅಲ್ಗಾರಿದಮ್ ಬರೆಯೋರು ನಾವೇ, ಬಾಡಿಗೆ ಕಟ್ಟೋರೂ ನಾವೇ.

ಇನ್ನು ನಮಗೆ ಪೆಟ್ಟು ಬಿದ್ದ ಜಾಗ. ನಾವು ಮೂವರು ಸೇರಿ ಎರಡು ಬೆಡ್‌ರೂಮಿನ ಮನೆ ಹಿಡಿದಿದ್ವಿ. ತಲೆಗೆ 700 ಡಾಲರ್. ಲೀಸು ಮುಂದಿನ ಜುಲೈ ಕೊನೆವರೆಗೆ. 2023ರ ಜನವರಿಯಲ್ಲಿ ಟೆಕ್ ಕಂಪನಿಗಳು ಸಾಲಾಗಿ ಕೆಲಸದಿಂದ ತೆಗೀತಿದ್ದಾಗ ಮೂವರಲ್ಲಿ ಒಬ್ಬನ ಕೆಲಸ ಹೋಯ್ತು. ಓಪಿಟಿ ಮೇಲೆ ಇರೋನಿಗೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸ ಇಲ್ಲದೆ ಇರೋ ಹಾಗಿಲ್ಲ. (ಎಚ್-1ಬಿ ಆದರೆ 60 ದಿನ.) ಮಾರ್ಚ್ ಬಾಡಿಗೆ ಕೊಟ್ಟು ಅವನು ಊರಿಗೆ ಹೊರಟ. ಅವನನ್ನ ಬೈಯೋಕೆ ಮನಸ್ಸು ಬರಲಿಲ್ಲ, ಏರ್‌ಪೋರ್ಟಿಗೆ ಬಿಟ್ಟು ಬಂದ್ವಿ.

ಏಪ್ರಿಲ್ ಒಂದಕ್ಕೆ ನಾವಿಬ್ಬರು 1,400 ಕಟ್ಟಿದ್ವಿ. ಆಫೀಸಿಂದ ನೋಟಿಸು: ಬಾಕಿ 700. ಲೀಸಿನಲ್ಲಿ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ' ಅನ್ನೋ ಅರ್ಥದ ಒಂದು ಸಾಲಿತ್ತು. ಅಂದ್ರೆ ಮೂವರೂ ಮೂರನೇ ಒಂದು ಪಾಲಿಗಲ್ಲ, ಒಬ್ಬೊಬ್ಬರೂ ಪೂರ್ತಿ 2,100ಕ್ಕೆ ಹೊಣೆ. ಇಬ್ಬರು ಓಡಿಹೋದರೆ ಉಳಿದವನೇ ಅಷ್ಟೂ ಕಟ್ಟಬೇಕು. ಊರಲ್ಲಿ ಸಾಲಕ್ಕೆ ಜಾಮೀನು ಸೈನ್ ಹಾಕಿ ಸಿಕ್ಕಿಕೊಂಡವರ ಕಥೆ ಕೇಳಿದ್ದೀವಲ್ಲ, ನಾವು ಮೂವರೂ ಒಬ್ಬರಿಗೊಬ್ಬರು ಜಾಮೀನಾಗಿದ್ವಿ, ಗೊತ್ತೇ ಇಲ್ಲದೆ.

ರಾತ್ರಿ ಕೂತು ಕಾನೂನು ಹುಡುಕಿದ್ವಿ. ಇಲಿನಾಯ್‌ನಲ್ಲಿ ಒಂದು ಒಳ್ಳೆ ನಿಯಮ ಇದೆ. ಬಾಡಿಗೆದಾರ ಮಧ್ಯದಲ್ಲಿ ಬಿಟ್ಟು ಹೋದರೆ ಮಾಲೀಕ ಸುಮ್ಮನೆ ಕೂತು ಉಳಿದ ತಿಂಗಳ ಬಾಡಿಗೆಯೆಲ್ಲ ವಸೂಲಿ ಮಾಡುವಂತಿಲ್ಲ, ಬೇರೆಯವರಿಗೆ ಕೊಡೋಕೆ ತಕ್ಕಮಟ್ಟಿನ ಪ್ರಯತ್ನ ಮಾಡಿ ನಷ್ಟ ಇಳಿಸಬೇಕು. ಸಿಕ್ತು ಅಂತ ಕುಣಿದ್ವಿ. ಬೆಳಿಗ್ಗೆ ಹೊತ್ತಿಗೆ ಅರ್ಥ ಆಯ್ತು, ಮನೆ ಖಾಲಿ ಆದರೆ ತಾನೇ ಬೇರೆಯವರಿಗೆ ಕೊಡೋದು? ನಾವಿಬ್ಬರು ಒಳಗೇ ಇದ್ದೀವಿ. ಆ ನಿಯಮ ನಮಗೆ ಕೆಲಸಕ್ಕೆ ಬರಲ್ಲ. ಬದಲಿಗೆ ಒಬ್ಬನನ್ನ ನಾವೇ ಹುಡುಕಬೇಕು, ಕಂಪನಿ ಲಿಖಿತವಾಗಿ ಒಪ್ಪಬೇಕು. ಪರಿಚಯದವರ ವಾಟ್ಸಾಪ್ ಗುಂಪಲ್ಲಿ ಹಾಕಿದಾಗ ದಾವಣಗೆರೆ ಹುಡುಗ ಒಬ್ಬ ಸಿಕ್ಕಿದ. ಅವನಿಗೂ ಸ್ಕೋರಿಲ್ಲ. ಅರ್ಜಿ, ಹೆಚ್ಚುವರಿ ಅಡ್ವಾನ್ಸು, ಲೀಸಿಗೆ ತಿದ್ದುಪಡಿ ಎಲ್ಲ ಮುಗಿದು ಅವನು ಬಂದದ್ದು ಜೂನ್ ಒಂದಕ್ಕೆ. ಎರಡು ತಿಂಗಳು 1,050ರಂತೆ ಕಟ್ಟಿದ್ವಿ. ತಲೆಗೆ 700 ಡಾಲರ್ ಹೋಯ್ತು. ಅಪ್ಪನಿಗೆ ಅದನ್ನ ರೂಪಾಯಿಯಲ್ಲಿ ಹೇಳಲಿಲ್ಲ.

ಆದ್ದರಿಂದ ಸೈನ್ ಹಾಕೋ ಮುಂಚೆ ಕೇಳಿ, 'ಒಬ್ಬೊಬ್ಬರಿಗೆ ಬೇರೆ ಬೇರೆ ಲೀಸು ಕೊಡ್ತೀರಾ?' ವಿಶ್ವವಿದ್ಯಾಲಯಗಳ ಹತ್ತಿರ ಕೊಡ್ತಾರೆ, ಸಬರ್ಬ್‌ನಲ್ಲಿ ಅಪರೂಪ. ಮಧ್ಯದಲ್ಲಿ ಬಿಡೋಕೆ ಎಷ್ಟು ದಂಡ, ಖಾಲಿ ಮಾಡೋದನ್ನ ಎಷ್ಟು ದಿನ ಮುಂಚೆ ಹೇಳಬೇಕು, ಇವೆರಡನ್ನ ಓದದೆ ಸೈನ್ ಹಾಕಬೇಡಿ. ನಮ್ಮದರಲ್ಲಿ 60 ದಿನ ಇತ್ತು. ಮತ್ತೆ ರೂಮ್‌ಮೇಟ್‌ಗಳ ಮಧ್ಯೆಯೇ ಒಂದು ಹಾಳೆಯಲ್ಲಿ, ಯಾರಾದರೂ ಹೋದರೆ ಏನು ಅಂತ ಬರೆದುಕೊಳ್ಳಿ. ಗೆಳೆತನಕ್ಕೆ ಅವಮಾನ ಅನ್ನಿಸತ್ತೆ, ಪರವಾಗಿಲ್ಲ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಅವರದ್ದು ನಮಗಿಂತ ವಾಸಿ. ಬೆಂಗಳೂರಲ್ಲಿ 10 ತಿಂಗಳು ಕೇಳೋ ರೂಢಿ ಇತ್ತು, ಈಗ ಐದಾರಕ್ಕೆ ಇಳಿದಿದೆ ಅಂತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನತ್ತೆ, ಆದರೆ ಅದು ಮಾದರಿ, ರಾಜ್ಯಗಳು ಒಪ್ಪಿದರೆ ಮಾತ್ರ ಜಾರಿ. ನೇಪರ್ವಿಲ್‌ನಲ್ಲಿ ನಾವು ಕೊಟ್ಟದ್ದು ಒಂದು ತಿಂಗಳಿನದ್ದು. ಐದು ಅಥವಾ ಹೆಚ್ಚು ಮನೆಗಳಿರೋ ಕಟ್ಟಡವಾದರೆ, ದುಡ್ಡು ಹಿಡಿಯೋ ಮಾಲೀಕ ಖಾಲಿ ಮಾಡಿದ 30 ದಿನದೊಳಗೆ ಯಾವ ರಿಪೇರಿಗೆ ಎಷ್ಟು ಅಂತ ಪಟ್ಟಿ ಕೊಡಬೇಕು. ಕೊಡದಿದ್ದರೆ 45 ದಿನದೊಳಗೆ ಪೂರ್ತಿ ವಾಪಸ್. ದುರುದ್ದೇಶದಿಂದ ಹಿಡಿದುಕೊಂಡ ಅಂತ ಕೋರ್ಟಿನಲ್ಲಿ ಸಾಬೀತಾದರೆ ಎರಡರಷ್ಟು. ನಮಗೆ ಕಾರ್ಪೆಟ್ಟಿನ ಅರಿಶಿನದ ಕಲೆಗೆ ದುಡ್ಡು ಹಿಡಿದರು, ಅದು ನಮ್ಮದೇ. ಕಿಟಕಿ ಬ್ಲೈಂಡ್ ಮುರಿದಿದೆ ಅಂತಲೂ ಹಾಕಿದ್ರು. ಸೇರಿದ ದಿನವೇ ತೆಗೆದ ಫೋಟೋ, ತಾರೀಖಿನ ಸಮೇತ ಕಳಿಸಿದೆ. ಆ ಸಾಲು ಪಟ್ಟಿಯಿಂದ ಹೋಯ್ತು.

ಚಳಿ ಬಗ್ಗೆ ಸ್ವಲ್ಪ. 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 23 ಫ್ಯಾರನ್‌ಹೀಟ್, ಅಂದ್ರೆ ಸುಮಾರು ಮೈನಸ್ 31 ಸೆಲ್ಸಿಯಸ್ ದಾಖಲಾಗಿತ್ತು. ನೀರು ಹೆಪ್ಪುಗಟ್ಟಿದಾಗ ಶೇಕಡಾ 9ರಷ್ಟು ಹಿಗ್ಗತ್ತೆ, ಪೈಪು ಸಿಡಿಯತ್ತೆ. ಅದಕ್ಕೇ ಊರಿಗೆ ಬರೋವಾಗಲೂ ಹೀಟರ್ ಆಫ್ ಮಾಡಬಾರದು ಅಂತ ಲೀಸಿನಲ್ಲೇ ಬರೆದಿರತ್ತೆ. ದುಡ್ಡು ಉಳಿಸೋಕೆ ಹೋಗಿ ಕೆಳಗಿನ ಮನೆಗೂ ನೀರು ಹರಿಸಿದರೆ ಆ ಖರ್ಚು ನಿಮ್ಮದು. ರೆಂಟರ್ಸ್ ಇನ್ಶೂರೆನ್ಸ್ ಇರೋದು ಇದಕ್ಕೇ, ತಿಂಗಳಿಗೆ ಹದಿನೈದು ಇಪ್ಪತ್ತು ಡಾಲರ್. ಕರೆಂಟು ನೇಪರ್ವಿಲ್‌ನಲ್ಲಿ ಖಾಸಗಿ ಕಂಪನಿಯದ್ದಲ್ಲ, ಊರಿನ ಆಡಳಿತವೇ ಹಂಚತ್ತೆ. ಕಡೂರು ಪುರಸಭೆಯೇ ಮೆಸ್ಕಾಂ ಆದ ಹಾಗೆ. ಇನ್ನು ಒಗ್ಗರಣೆ. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಒಲೆ ಮೇಲಿನ ಫ್ಯಾನು ಹೊಗೆಯನ್ನ ಹೊರಗೆ ಬಿಡಲ್ಲ, ಸೋಸಿ ಮತ್ತೆ ಅಡುಗೆಮನೆಗೇ ಬಿಡತ್ತೆ. ಒಣಮೆಣಸಿನಕಾಯಿ ಹಾಕಿದ ಕ್ಷಣ ಅಲಾರಂ. ಮನೆ ನೋಡೋಕೆ ಹೋದಾಗ ಅದನ್ನೊಂದು ಕೇಳಿ.

ನಾನು ವಾಪಸ್ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿದ್ದೀನಿ. ಕಡೂರಲ್ಲಿ ನಮ್ಮ ಮನೆ ಹಿಂದೆ ಬಾಡಿಗೆಗೆ ಕೊಡೋ ಒಂದು ಚಿಕ್ಕ ಮನೆ ಇದೆ. ಹೋದ ಸಲ ಊರಿಗೆ ಹೋದಾಗ ಅಜ್ಜಂಪುರ ಕಡೆಯ ಒಬ್ಬರು, ಹೆಂಡತಿ ಮಕ್ಕಳಿಗೆ ಅಂತ ಮನೆ ಕೇಳ್ಕೊಂಡು ಬಂದಿದ್ರು. ಅಪ್ಪ ಕುರ್ಚಿ ಎಳೆದು, ಕಾಫಿ ಕೊಡಿಸಿ, ಶುರು ಮಾಡಿದ್ರು, "ಯಾವ ಜನ..." ನಾನು ಕೆಮ್ಮಿದೆ. ಅಪ್ಪ ನನ್ನ ಮುಖ ನೋಡಿ, "ಎಷ್ಟು ಜನ ಇರ್ತೀರಿ ಅಂದೆ" ಅಂದ್ರು. ಆಮೇಲೆ ನಾನು ಮೊಬೈಲ್ ಹಿಡ್ಕೊಂಡು ಗೋಡೆ, ನಲ್ಲಿ, ಕಿಟಕಿ ಫೋಟೋ ತೆಗೆಯೋಕೆ ಹೋದೆ. ಬಾಡಿಗೆಗೆ ಬಂದವರು ಗಾಬರಿಯಾಗಿ, "ಏನ್ ಸಾರ್, ಮನೆ ಮಾರ್ತೀರಾ?" ಅಂತ ಕೇಳಿದ್ರು.