ಟೊಮೇಟೊ ಅಂಗಮಾರಿ ರೋಗ (ಕೈತೋಟ)

ಅಂಗಮಾರಿ ರೋಗವು ಗಿಡದ ಎಲೆ, ಕಾಂಡ ಮತ್ತು ಕಾಯಿಗಳು ಅಲ್ಪಾವಧಿಯಲ್ಲಿ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ, ಸುಟ್ಟಂತೆ ಒಣಗುವ ಸಸ್ಯರೋಗವಾಗಿದೆ. ಕನ್ನಡದಲ್ಲಿ ಈ ಒಂದೇ ಹೆಸರನ್ನು ಪರಸ್ಪರ ಸಂಬಂಧವಿಲ್ಲದ ಹಲವು ರೋಗಗಳಿಗೆ ಬಳಸಲಾಗುತ್ತದೆ. ಉತ್ತರ ಕರ್ನಾಟಕದ ದಾಳಿಂಬೆ ತೋಟಗಳನ್ನು ಹಾಳುಗೆಡವಿದ ದುಂಡಾಣು ಅಂಗಮಾರಿಯು ಬ್ಯಾಕ್ಟೀರಿಯಾದಿಂದ ಬರುತ್ತದೆ. ಕೈತೋಟದ ಟೊಮೇಟೊ ಗಿಡಕ್ಕೆ ಮುಖ್ಯವಾಗಿ ತಗಲುವವು ಮುಂಚಿನ ಅಂಗಮಾರಿ ಮತ್ತು ತಡ ಅಂಗಮಾರಿ ಎಂಬ ಎರಡು. ಇವುಗಳ ಪರಿಹಾರ ಬೇರೆ ಬೇರೆಯಾದುದರಿಂದ ಔಷಧಿಗಿಂತ ಮೊದಲು ರೋಗವನ್ನು ಗುರುತಿಸುವುದು ಅಗತ್ಯ.

ಕಾರಣ ಮತ್ತು ಲಕ್ಷಣಗಳು

ಮುಂಚಿನ ಅಂಗಮಾರಿಗೆ ಆಲ್ಟರ್ನೇರಿಯಾ ಸೊಲಾನಿ ಮತ್ತು ಅದರ ಹತ್ತಿರದ ಶಿಲೀಂಧ್ರಗಳು ಕಾರಣ. ಮೊದಲು ನೆಲಕ್ಕೆ ಸಮೀಪದ ಹಳೆಯ ಎಲೆಗಳ ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಚುಕ್ಕೆಯೊಳಗೆ ಒಂದರೊಳಗೊಂದು ಬಳೆಗಳಿಟ್ಟಂತೆ ಕಾಣುವುದೇ ಇದರ ಗುರುತು. ಸುತ್ತಲಿನ ಭಾಗ ಹಳದಿಯಾಗಿ ಎಲೆ ಉದುರುತ್ತದೆ. ರೋಗವು ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ.

ತಡ ಅಂಗಮಾರಿಯು ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಎಂಬ ಜೀವಿಯಿಂದ ಬರುತ್ತದೆ. ಇದು ಶಿಲೀಂಧ್ರದಂತೆ ಕಂಡರೂ ಪಾಚಿಗಳಿಗೆ ಹತ್ತಿರವಾದ ಬೇರೊಂದು ಗುಂಪಿಗೆ ಸೇರಿದೆ. ಎಲೆಯ ಮೇಲೆ ನೀರಿನಲ್ಲಿ ನೆಂದಂತಹ ಮಾಸಲು ಹಸಿರು ಕಲೆಗಳು ಮೂಡಿ ಬೇಗನೆ ಕಪ್ಪಾಗುತ್ತವೆ. ತಂಪಾದ ಬೆಳಗಿನಲ್ಲಿ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಾಣಿಸುತ್ತದೆ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಗಿಡ ಒಂದು ವಾರದೊಳಗೆ ಸಾಯಬಹುದು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ನಾಶಮಾಡಿ ಮಹಾಕ್ಷಾಮಕ್ಕೆ ದಾರಿ ಮಾಡಿದ್ದು ಇದೇ ಜೀವಿ. ಹಾಸನ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರಿಗೂ ಇದು ಹಳೆಯ ಶತ್ರು. 2009–10ರಲ್ಲಿ ದಕ್ಷಿಣ ಭಾರತದ ಟೊಮೇಟೊ ಬೆಳೆಯಲ್ಲಿ ಇದರ ತೀವ್ರ ಹಾವಳಿ ಕಂಡುಬಂದಿತು.

ಎಲೆಗಳು ಕಲೆಯಿಲ್ಲದೆ ಕೇವಲ ಮುದುಡಿದ್ದರೆ ಅದು ಅಂಗಮಾರಿಯಲ್ಲ. ಬಿಳಿ ನೊಣದಿಂದ ಹರಡುವ ಎಲೆ ಮುಟುರು ನಂಜುರೋಗವಿರಬಹುದು. ಅದಕ್ಕೆ ಶಿಲೀಂಧ್ರನಾಶಕ ಸಿಂಪಡಿಸುವುದು ವ್ಯರ್ಥ.

ಬಯಲುಸೀಮೆಯ ಹಿತ್ತಲುಗಳಲ್ಲಿ

ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಹೊಳಲು ಮತ್ತು ಸುತ್ತಲಿನ ಕೊಟ್ಟೂರು, ಹರಪನಹಳ್ಳಿ, ಕೂಡ್ಲಿಗಿ ಭಾಗಗಳು ಬಿಸಿಲಿನ ಬಯಲುಸೀಮೆ. ಇಂತಹ ಹವೆಯಲ್ಲಿ ಮುಂಚಿನ ಅಂಗಮಾರಿಯನ್ನೇ ಮೊದಲು ಶಂಕಿಸಬೇಕು. ತಡ ಅಂಗಮಾರಿಗೆ 15ರಿಂದ 22 ಡಿಗ್ರಿ ಸೆಲ್ಸಿಯಸ್‌ನ ತಂಪು ಮತ್ತು ದೀರ್ಘಕಾಲ ಒದ್ದೆಯಾಗಿರುವ ಎಲೆ ಬೇಕು. ಒಣ ಹವೆಯಲ್ಲೂ ರೋಗಕ್ಕೆ ಬೇಕಾದ ತೇವವನ್ನು ಹಲವೊಮ್ಮೆ ಮನೆಯವರೇ ಒದಗಿಸುತ್ತಾರೆ: ಸಂಜೆ ಕೊಡದಿಂದ ಗಿಡದ ತಲೆಯ ಮೇಲೆ ನೀರು ಸುರಿದರೆ ಎಲೆ ರಾತ್ರಿಯಿಡೀ ಒದ್ದೆಯಾಗಿರುತ್ತದೆ, ಮಣ್ಣಿನಲ್ಲಿರುವ ಬೀಜಕಣಗಳು ಕೆಳಗಿನ ಎಲೆಗಳಿಗೆ ಸಿಡಿಯುತ್ತವೆ. ಬಚ್ಚಲ ನೀರು ಸದಾ ನಿಲ್ಲುವ ಮೂಲೆಯೂ ಟೊಮೇಟೊಗೆ ತಕ್ಕ ಜಾಗವಲ್ಲ.

ನಿರ್ವಹಣೆ

ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು ಕೊಡುವುದು, ಕೋಲು ನೆಟ್ಟು ಗಿಡವನ್ನು ಎತ್ತಿ ಕಟ್ಟುವುದು, ನೆಲಕ್ಕೆ ಒಣಹುಲ್ಲು ಹೊದಿಸುವುದು ಮತ್ತು ಕೆಳಗಿನ ಒಂದು ಅಡಿಯಷ್ಟು ಎಲೆಗಳನ್ನು ತೆಗೆಯುವುದು ಮುಂಚಿನ ಅಂಗಮಾರಿಯನ್ನು ಬಹುಮಟ್ಟಿಗೆ ಹತೋಟಿಯಲ್ಲಿಡುತ್ತವೆ. ಶಿಲೀಂಧ್ರವು ಉದುರಿದ ಎಲೆಗಳಲ್ಲಿ ಬದುಕುಳಿಯುವುದರಿಂದ ಕಸವನ್ನು ಹೊರಸಾಗಿಸಬೇಕು. ಅದೇ ಮಡಿಯಲ್ಲಿ ಎರಡು ಮೂರು ವರ್ಷ ಟೊಮೇಟೊ, ಬದನೆ, ಆಲೂಗಡ್ಡೆಗಳನ್ನು ಹಾಕದೆ ಬೆಂಡೆ, ಅವರೆ ಅಥವಾ ಹೀರೆ ಬೆಳೆಯುವುದು ಒಳ್ಳೆಯದು. ತಡ ಅಂಗಮಾರಿ ಖಚಿತವಾದರೆ ಗಿಡವನ್ನು ಉಳಿಸಲು ಹೆಣಗದೆ ಕಿತ್ತು ಆಳವಾಗಿ ಹೂಳಬೇಕು. ಇದರ ಬೀಜಕಣಗಳು ಗಾಳಿಯಲ್ಲಿ ಹರಡುವುದರಿಂದ ಒಂದು ಹಿತ್ತಲಿನ ಉದಾಸೀನವು ನೆರೆಯ ಹೊಲಕ್ಕೂ ಹಾನಿ ತರುತ್ತದೆ.

ಬೋರ್ಡೋ ದ್ರಾವಣ

ರೋಗ ಬರುವ ಮುನ್ನ ಸಿಂಪಡಿಸಿದರೆ ಮಾತ್ರ ಇದು ಪರಿಣಾಮಕಾರಿ. ಅರ್ಧ ಲೀಟರ್ ನೀರಿನಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರ್‌ನಲ್ಲಿ 10 ಗ್ರಾಂ ಸುಟ್ಟ ಸುಣ್ಣವನ್ನು ಪ್ರತ್ಯೇಕವಾಗಿ ಕರಗಿಸಿ, ತಣಿದ ನಂತರ ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿದು ಕಲಕಿದರೆ ಶೇ. 1ರ ದ್ರಾವಣ ಸಿದ್ಧವಾಗುತ್ತದೆ. ಎಳೆಯ ಗಿಡಗಳಿಗೆ ಎರಡನ್ನೂ ಅರ್ಧದಷ್ಟು ಬಳಸಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಶುಭ್ರವಾದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ತಯಾರಿಸಿದ ದಿನವೇ ಬಳಸಬೇಕು. ಕೊಯ್ಲಿಗೆ ಬಂದ ಹಣ್ಣಿಗೆ ಸಿಂಪಡಿಸಬಾರದು. ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗದ ಜೀವಿಯೂ ಫೈಟಾಫ್ತೊರಾ ಕುಲಕ್ಕೇ ಸೇರಿದ್ದು, 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ವಿರುದ್ಧ ಇದೇ ದ್ರಾವಣವನ್ನು ಬಳಕೆಗೆ ತಂದರು.

ನಿರೋಧಕ ತಳಿಗಳು

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮತ್ತು ಅರ್ಕಾ ಸಾಮ್ರಾಟ್ ಮುಂಚಿನ ಅಂಗಮಾರಿಯನ್ನು ತಡೆದುಕೊಳ್ಳುತ್ತವೆ. ನಂತರ ಬಂದ ಅರ್ಕಾ ಅಭೇದ್ ತಡ ಅಂಗಮಾರಿಗೂ ನಿರೋಧಕ. ಮೂರೂ ಸಂಕರಣ ತಳಿಗಳಾದುದರಿಂದ ಅವುಗಳ ಹಣ್ಣಿನಿಂದ ತೆಗೆದ ಬೀಜದಲ್ಲಿ ಅದೇ ಗುಣವನ್ನು ನಿರೀಕ್ಷಿಸಲಾಗದು.