ಎರಡು ಇಂಚು ಜಾಸ್ತಿ!

ನನ್ನ ಮಗನ ಮನೆ ಇರುವುದು ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಕೊಲ್ಲಿಯ ಹತ್ತಿರ. ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿದ್ದಾಗ, ಹನ್ನೆರಡು ವರ್ಷದ ಮೊಮ್ಮಗ ಒಂದು ಸಂಜೆ ನನ್ನನ್ನು ಮೀನು ಹಿಡಿಯಲು ಕರೆದುಕೊಂಡು ಹೋದ. ನಾನು ಗಂಗೊಳ್ಳಿಯವಳು. ಹೊಳೆ ಕಡಲು ಸೇರುವ ಜಾಗದಲ್ಲೇ ಬೆಳೆದವಳಿಗೆ ಗಾಳವೇನು ಹೊಸದೇ? ಗಾಳದ ಕೋಲಿಗೆ ಕೈ ಹಾಕಿದೆ.

"ಮುಟ್ಬೇಡ ಅಜ್ಜೀ! ನಿಂಗೆ ಲೈಸೆನ್ಸ್ ಇಲ್ಲ!"

ಮಕ್ಕಳೇ, ಅಲ್ಲಿ ದಡದಲ್ಲಿ ನಿಂತು ಮೋಜಿಗೆ ಗಾಳ ಹಾಕಲೂ ಲೈಸೆನ್ಸ್ ಬೇಕು. ಹದಿನಾರು ತುಂಬದವರಿಗೆ ವಿನಾಯಿತಿ. ಅಲ್ಲೇ ನೆಲೆಸಿದ, 65 ದಾಟಿದ ಅಜ್ಜ ಅಜ್ಜಿಯರಿಗೂ ವಿನಾಯಿತಿ. ನನ್ನಂಥ ಪ್ರವಾಸಿ ಅಜ್ಜಿಗೆ ಮಾತ್ರ ಮೂರು ದಿನಕ್ಕೆ 17 ಡಾಲರ್. ಸುಮ್ಮನೆ ಕುಳಿತು ನೋಡಿದೆ.

ಮೊಮ್ಮಗ ಫೋನಿನಲ್ಲಿ ಉಬ್ಬರ ಇಳಿತದ ಸಮಯ ನೋಡಿಯೇ ಬಂದಿದ್ದ. ನೀರು ಇಳಿಯತೊಡಗಿದರೆ ಕಾಂಡ್ಲ ಗಿಡಗಳ ಬೇರಿನ ಸಂದಿಯಿಂದ ಸೀಗಡಿ, ಸಣ್ಣ ಮೀನುಗಳು ಹೊರಗೆ ಬರುತ್ತವೆ. ಅವನ್ನು ಹಿಡಿಯಲು ಸ್ನೂಕ್ ಎಂಬ ಮೀನು ಹರಿವಿಗೆ ಎದುರಾಗಿ ಕಾದಿರುತ್ತದೆಯಂತೆ. ನನ್ನ ಅಪ್ಪಯ್ಯನೂ ಹೀಗೇ ಲೆಕ್ಕ ಹಾಕುತ್ತಿದ್ದರು, ಫೋನಿನಲ್ಲಲ್ಲ, ತಿಥಿಯಲ್ಲಿ. ಹುಣ್ಣಿಮೆ, ಅಮಾವಾಸ್ಯೆಗೆ ನೀರಿನ ಸೆಳೆತ ಜೋರು, ಅಷ್ಟಮಿಗೆ ಮಂದ.

ಕತ್ತಲಾಗುವ ಹೊತ್ತಿಗೆ ಕೋಲು ಬಿಲ್ಲಿನಂತೆ ಬಾಗಿತು. ಐದಾರು ನಿಮಿಷ ಎಳೆದಾಡಿ ಮೊಮ್ಮಗ ಮೀನನ್ನು ದಡಕ್ಕೆ ತಂದ. ಮೈ ಬೆಳ್ಳಿ, ಪಕ್ಕದಲ್ಲಿ ಉದ್ದಕ್ಕೂ ಕಪ್ಪು ಗೆರೆ. ಥೇಟ್ ನಮ್ಮ ಕುರುಡಿ ಮೀನಿನ ನೆಂಟ! ಕುರುಡಿಯೆಂದರೆ ಮೀನು ಸಾಕುವವರು ಸೀಬಾಸ್ ಎನ್ನುವ ಮೀನು. ನನ್ನ ಬಾಯಲ್ಲಿ ನೀರೂರಿತು. ಸ್ನೂಕನ್ನು ಮಾರುವುದಕ್ಕೆ ಅಲ್ಲಿ ನಿಷೇಧ. ತಿನ್ನಬೇಕೆಂದರೆ ಗಾಳ ಹಾಕಿಯೇ ಹಿಡಿಯಬೇಕು. ಮನೆಯಲ್ಲಿ ಮಸಾಲೆ ಆಗಲೇ ಕಡೆದಿಟ್ಟಿದ್ದೆ.

ಮೊಮ್ಮಗ ಒದ್ದೆ ಟವೆಲ್ ಮೇಲೆ ಮೀನನ್ನು ಮಲಗಿಸಿ, ಬಾಯಿ ಮುಚ್ಚಿಸಿ, ಬಾಲ ಒತ್ತಿಹಿಡಿದು ಅಳತೆ ಪಟ್ಟಿ ಇಟ್ಟ. 35 ಇಂಚು. ಅವನ ಮುಖ ಬಾಡಿತು. "ಬಿಡ್ಬೇಕು ಅಜ್ಜಿ."

"ಇಷ್ಟು ದೊಡ್ಡದನ್ನಾ?"

ಆ ಭಾಗದಲ್ಲಿ ಮಾರ್ಚ್, ಏಪ್ರಿಲ್ ಮತ್ತು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಾತ್ರ ಸ್ನೂಕನ್ನು ಮನೆಗೆ ಒಯ್ಯಬಹುದು. ಅದೂ ಒಬ್ಬರಿಗೆ ದಿನಕ್ಕೆ ಒಂದೇ, ಉದ್ದ 28ರಿಂದ 33 ಇಂಚಿನೊಳಗೆ ಇರಬೇಕು.

"ಎರಡೇ ಇಂಚ್ ಜಾಸ್ತಿ ಅಲ್ದಾ ಮಗಾ? ಈ ಕತ್ತಲೆಯಲ್ಲಿ ಯಾರ್ ಕಾಂತ್ರ್?" ಎಂದೆ. ಹೇಳಬಾರದಿತ್ತು.

"ನಾನ್ ಕಂಡೆ ಅಲ್ದಾ ಅಜ್ಜಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ಅವನ ಮೊದಲ ಸ್ನೂಕ್.

ಎರಡೂ ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೆ ಆಸರೆ ಕೊಟ್ಟು, ಮೀನನ್ನು ನೀರಿನಲ್ಲಿ ಹಿಡಿದು ನಿಂತ. ಅದು ಚೇತರಿಸಿಕೊಂಡು ಬಾಲ ಬೀಸಿದ ಮೇಲಷ್ಟೇ ಕೈ ಸಡಿಲಿಸಿದ.

ದಾರಿಯಲ್ಲಿ ಕಾರಣ ಹೇಳಿದ. ಸ್ನೂಕ್ ಮೊದಲು ಗಂಡಾಗಿರುತ್ತದೆ. ಬೆಳೆಯುತ್ತಾ ಹೋದಂತೆ ಹೆಣ್ಣಾಗುತ್ತದೆ! ದೊಡ್ಡ ಮೀನುಗಳಲ್ಲಿ ಹೆಚ್ಚಿನವು ತಾಯಂದಿರೇ. ಚಿಕ್ಕದನ್ನು ಹಿಡಿದರೆ ಅದು ಬೆಳೆಯುವುದಿಲ್ಲ. ದೊಡ್ಡದನ್ನು ಹಿಡಿದರೆ ಮೊಟ್ಟೆಯಿಡುವ ತಾಯಿ ಇರುವುದಿಲ್ಲ. ಈ ಮೀನಿಗೆ ಚಳಿಯೂ ಆಗದು. 2010ರ ಜನವರಿಯಲ್ಲಿ ವಿಪರೀತ ಚಳಿಗೆ ರಾಶಿ ರಾಶಿ ಸ್ನೂಕ್ ಸತ್ತವು. ಆಮೇಲೆ ಫ್ಲಾರಿಡಾದ ಆ ಪಶ್ಚಿಮ ತೀರದಲ್ಲಿ 2013ರ ಸೆಪ್ಟೆಂಬರ್‌ವರೆಗೆ ಒಂದು ಸ್ನೂಕನ್ನೂ ಮನೆಗೆ ಒಯ್ಯುವಂತಿರಲಿಲ್ಲ.

ನಮ್ಮ ಕುರುಡಿಯೂ ಹಾಗೆಯೇ, ಗಂಡಾಗಿದ್ದು ಹೆಣ್ಣಾಗುವ ಮೀನು. ಇಷ್ಟು ವರ್ಷ ಅದರ ಸಾರು ಮಾಡಿದ ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆ ಎರಡು ತಿಂಗಳು ಮೀನು ದುಬಾರಿಯೆಂದು ಗೊಣಗುವವರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ಗೊಣಗುವುದಿಲ್ಲ.

ಆ ರಾತ್ರಿ ಕಡೆದ ಮಸಾಲೆ ಫ್ರಿಜ್ಜಿಗೆ ಹೋಯಿತು. ನಾವು ಉಂಡದ್ದು ತಿಳಿಸಾರು, ಹಪ್ಪಳ. ಮೊಮ್ಮಗ ಎರಡು ಸಲ ಬಡಿಸಿಕೊಂಡ.